ಬುಡದ ಗುರುತು

ತೆಂಕುಬೈಲು ಅಳಿವೆ ಕ್ಯಾಂಪ್
14 ಅಕ್ಟೋಬರ್ 2024

ಪ್ರೀತಿಯ ಸಣ್ಣಸ್ವಾಮಿ ಮಾವನಿಗೆ,

ಕೂಡಿಗೆಯ ಕೃಷ್ಣಪ್ಪನ ಮಗಳು ಧನುಶ್ರೀ ಬರೆಯುತ್ತಿದ್ದೇನೆ. ನಮ್ಮ ಮನೆ ಕಟ್ಟುವಾಗ ನೀವು ಎಂಟು ತಿಂಗಳು ನಮ್ಮ ಅಂಗಳದಲ್ಲೇ ಮರಗೆಲಸ ಮಾಡಿದಿರಿ. ನಿಮ್ಮ ಸಣ್ಣ ಉಳಿ ತೆಗೆದುಕೊಂಡು ಕಲ್ಲು ಕೆತ್ತಲು ಹೋಗಿ, ಅದರ ಬಾಯಿ ಮುಕ್ಕು ಮಾಡಿ, ಬೈಸಿಕೊಂಡು ಅತ್ತವಳು ನಾನೇ. ಫೋನು ಮಾಡೋಣವೆಂದರೆ ನಿಮ್ಮ ಕಿವಿ ಈಗ ಪೂರ್ತಿ ಮುಚ್ಚಿದೆಯಂತೆ. "ಕಾಗದ ಬರಿ, ಎರಡು ಸಲ ಓದ್ತಾರೆ, ಉತ್ತರಾನೂ ಬರೀತಾರೆ" ಎಂದರು ಅಪ್ಪ.

ನಾನೀಗ ಮುಳುಗಿದ ಹಡಗುಗಳನ್ನು ಹುಡುಕಿ ಅಭ್ಯಾಸ ಮಾಡುವ ತಂಡದಲ್ಲಿದ್ದೇನೆ. ಈ ಮಳೆಗಾಲದಲ್ಲಿ ಅಳಿವೆಯ ಮರಳ ದಿಬ್ಬ ಒಡೆದು, ಅದರಡಿ ಮಲಗಿದ್ದ ಮರದ ಹಡಗೊಂದು ಹೊರಬಂತು. ಬ್ರಿಟಿಷರ ಕಾಲದ್ದು, ನೂರೆಂಬತ್ತು ವರ್ಷವಾದರೂ ಆಗಿದೆ. ಹಡಗಿನ ಬೆನ್ನುಮೂಳೆಯಂಥ ಅಡಿತೊಲೆ, ಅದರಿಂದ ಎರಡೂ ಕಡೆಗೆ ಎದ್ದ ಪಕ್ಕೆಲುಬುಗಳು, ಅವುಗಳ ಮೇಲೆ ಹೊದಿಸಿದ ಹಲಗೆಗಳು ಇನ್ನೂ ಇವೆ. ನೀರು ಎಷ್ಟು ಕೆಸರೆಂದರೆ ಕಣ್ಣಿಗೆ ಏನೂ ಕಾಣದು, ಬೆರಳಿನಿಂದಲೇ ಓದಬೇಕು. ಹಾಗೆ ಓದುವಾಗ ನಮ್ಮ ಮುಳುಗುಗಾರ ಉತ್ತಯ್ಯನ ಕೈಗೆ ಒಂದು ಪಕ್ಕೆಲುಬಿನ ತುದಿ ಕಳಚಿ ಬಂತು. ಒಂದು ಮೊಳ ಉದ್ದದ ಆ ತುಂಡಿನ ಮೇಲೆ ಗುರುತಿದೆ: ಒಂದು ಉದ್ದ ಗೀರು, ಅದರ ಕೊನೆಗೆ ಎರಡು ಗಿಡ್ಡ ಗೀರು, ಪಕ್ಕದಲ್ಲಿ ಒಂದು ಚುಕ್ಕೆ. ಲಂಗರಿನ ಸರಪಳಿ ಉಜ್ಜಿದ ಗಾಯ ಅದು ಎನ್ನುತ್ತಾರೆ ನಮ್ಮ ಮೇಲಧಿಕಾರಿ. ನನಗೆ ಅದು ಉಳಿಯ ಏಟಿನ ಹಾಗೆ ಕಾಣುತ್ತದೆ. ಉಳಿಯ ಏಟನ್ನು ನಿಮಗಿಂತ ಚೆನ್ನಾಗಿ ಬಲ್ಲವರು ನನಗೆ ಯಾರೂ ಗೊತ್ತಿಲ್ಲ.

ಕಾವೇರಿ ಸಂಕ್ರಮಣಕ್ಕೆ ಊರಿಗೆ ಹೊರಟ ಉತ್ತಯ್ಯನ ಕೈಯಲ್ಲಿ ತುಂಡನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಮಾವ, ಒಂದೇ ಮಾತು: ಅದು ಯಾವಾಗಲೂ ನೀರಿನಲ್ಲೇ ಇರಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ನೆರಳಲ್ಲಿಡಿ, ಒಣಗಲು ಬಿಡಬೇಡಿ. ಮತ್ತೆ, ಯಾರಿಗೂ ತೋರಿಸಲು ಹೋಗಬೇಡಿ.

ಗಂಗತ್ತೆಗೆ ನಮಸ್ಕಾರ.

ನಿಮ್ಮ ಧನು


ಶನಿವಾರಸಂತೆ
21 ಅಕ್ಟೋಬರ್ 2024

ಮಗಳು ಧನುಗೆ ಸಣ್ಣಸ್ವಾಮಿ ಆಚಾರಿಯ ಆಶೀರ್ವಾದ.

ನಿನ್ನ ಕಾಗದ ಎರಡು ಸಲವಲ್ಲ, ನಾಲ್ಕು ಸಲ ಓದಿದೆ. ಕಿವಿ ಮುಚ್ಚಿದೆ, ಕಣ್ಣು ಮುಚ್ಚಿಲ್ಲ, ಬಾಯಂತೂ ಮುಚ್ಚೋ ಲಕ್ಷಣವೇ ಇಲ್ಲ ಎನ್ನುತ್ತಾಳೆ ನಿನ್ನ ಗಂಗತ್ತೆ. ಆ ಉಳಿ ಇನ್ನೂ ನನ್ನ ಹತ್ತಿರವಿದೆ. ಸಾಣೆ ಹಿಡಿಸಿ ಹಿಡಿಸಿ ಅರ್ಧ ಆಗಿದೆ, ಅದರಲ್ಲಿ ನಿನ್ನ ಪಾಲೂ ಉಂಟು.

ಉತ್ತಯ್ಯ ಗೋಣಿಕೊಪ್ಪಲಿನಿಂದ ಇಷ್ಟು ದೂರ ಬೈಕಿನಲ್ಲಿ ಡಬ್ಬಿ ಕಟ್ಟಿಕೊಂಡು ಬಂದಿದ್ದ. ನನಗೆ ಕೇಳಿಸಲೆಂದು ಅವನು ಕಿರುಚಿದ್ದಕ್ಕೆ ಪಕ್ಕದ ಮನೆಯವರೆಲ್ಲ ಹೊರಗೆ ಬಂದರು. "ಆಚಾರ್ರೇ, ಇದಕ್ಕೇನಾದ್ರೂ ಆದ್ರೆ ಮೇಡಂ ನನ್ನನ್ನ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕ್ತಾರೆ ಮಾರಾಯ್ರೇ!" ಎಂದನಂತೆ. ಗಂಗೆ ಬರೆದು ತೋರಿಸಿದಳು. ಯಾರಿಗೂ ತೋರಿಸಬೇಡ ಅಂತ ನೀನು ಬರೆದಿದ್ದೀಯೆ, ಅವನು ಬೀದಿಗೆಲ್ಲ ಡಂಗುರ ಹೊಡೆದು ಹೋದ.

ಈಗ ಗುರುತಿನ ವಿಷಯ. ನಿನ್ನ ಮೇಲಧಿಕಾರಿಗೆ ಸರಪಳಿಯೂ ಗೊತ್ತಿಲ್ಲ, ಉಳಿಯೂ ಗೊತ್ತಿಲ್ಲ. ಸರಪಳಿ ಉಜ್ಜಿದರೆ ಮರ ತರಚುತ್ತದೆ. ಇದು ಒಂದೊಂದು ಗೀರಿಗೂ ಒಂದೇ ಏಟು, ಎಡಗಡೆಯಿಂದ ಓರೆ ಹಿಡಿದು ಹೊಡೆದದ್ದು. ಇದು ಬುಡದ ಗುರುತು, ಕಣವ್ವ. ಮರ ಕಾಡಲ್ಲಿ ಹೇಗೆ ನಿಂತಿತ್ತೋ ಹಾಗೇ ಕಂಬವಾಗಿ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದ ಕಂಬದ ಮನೆ ಏಳಿಗೆಯಾಗುವುದಿಲ್ಲ ಅನ್ನೋದು ನಮ್ಮಜ್ಜನ ಕಾಲದ ಮಾತು. ಕೊಯ್ದು, ಕೀಸಿ, ಮೂಲೆ ತೆಗೆದ ಮೇಲೆ ಯಾವ ಕಡೆ ಬುಡ ಅಂತ ಬ್ರಹ್ಮನಿಗೂ ತಿಳಿಯದು. ಅದಕ್ಕೇ ಮರ ಉರುಳಿಸಿದ ದಿನವೇ ಬುಡದ ಕಡೆ ಗುರುತು ಹಾಕುತ್ತೇವೆ. ಉದ್ದ ಗೀರು ಕಾಂಡ, ಗಿಡ್ಡ ಗೀರುಗಳು ಬೇರು. ಕಂಬಗಳನ್ನು ಎದುರುಬದುರು ಜೋಡಿಯಾಗಿ ನಿಲ್ಲಿಸುತ್ತೇವಲ್ಲ, ಚುಕ್ಕೆ ಆ ಜೋಡಿಯ ಲೆಕ್ಕ, ಒಂದು ಚುಕ್ಕೆ ಅಂದರೆ ಮೊದಲನೇ ಜೋಡಿ. ನಾನೂ ಇದನ್ನೇ ಹಾಕುತ್ತೇನೆ, ನನಗೆ ಕಲಿಸಿದವರೂ ಇದನ್ನೇ ಹಾಕುತ್ತಿದ್ದರು. ಹಡಗು ಮಾಡಿಸಿದವನು ಇಂಗ್ಲಿಷಿನವನಿರಬಹುದು, ಉಳಿ ಹಿಡಿದವನು ನಮ್ಮವನೇ.

ಆದರೆ ಯಾವ ಮರ ಅಂತ ಹೇಳಲಾರೆ. ತೇಗವೋ ಸುರಹೊನ್ನೆಯೋ ಗೊತ್ತಾಗುತ್ತಿಲ್ಲ. ಮರವನ್ನು ನೀರಲ್ಲಿಟ್ಟು ನೋಡುವುದು ಅಂದರೆ ಹೆಣ್ಣಿಗೆ ಕಂಬಳಿ ಹೊದಿಸಿ ವಧುಪರೀಕ್ಷೆ ಮಾಡಿದ ಹಾಗೆ. ಹಸಿ ಮರ ಸುಳ್ಳು ಹೇಳುತ್ತದೆ. ಇನ್ನಷ್ಟು ದಿನ ನನ್ನ ಹತ್ತಿರ ಇರಲಿ. ನೀರು ಎರಡು ದಿನಕ್ಕಲ್ಲ, ದಿನಾ ಬದಲಾಯಿಸುತ್ತಿದ್ದೇನೆ.

ಸಣ್ಣಸ್ವಾಮಿ


ತೆಂಕುಬೈಲು ಅಳಿವೆ
29 ಅಕ್ಟೋಬರ್ 2024

ಮಾವ,

ನಿಮ್ಮ ಕಾಗದ ಓದಿ ಕ್ಯಾಂಪಿನಲ್ಲಿ ಕುಣಿದುಬಿಟ್ಟೆ. ಅಡುಗೆಯವರು ನನಗೆ ಮದುವೆ ಗೊತ್ತಾಯಿತೆಂದು ತಿಳಿದು ಪಾಯಸಕ್ಕೆ ಹಾಲು ಇದೆಯಾ ಎಂದು ನೋಡಲು ಹೋದರು.

ಇದು ಎಷ್ಟು ದೊಡ್ಡ ಮಾತೆಂದು ನಿಮಗೆ ತಿಳಿಯಬೇಕು. ಈ ಹಡಗನ್ನು ಇಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎಲ್ಲೋ ಪರದೇಶದಲ್ಲಿ ಕಟ್ಟಿದ ಸಾಮಾನು ಸಾಗಿಸುವ ಹಡಗು, ಇಂಥವು ನೂರು ಮುಳುಗಿವೆ ಎನ್ನುತ್ತಾರೆ. ಅಳಿವೆಗೆ ಹೊಸ ಜೆಟ್ಟಿ ಬರುತ್ತಿದೆ. ಜನವರಿ ಎರಡರಿಂದ ಹೂಳೆತ್ತುವ ಯಂತ್ರ ಬರುತ್ತದೆ, ಹಡಗು ಇರುವುದು ಸರಿಯಾಗಿ ಅದರ ದಾರಿಯಲ್ಲಿ. ಡಿಸೆಂಬರ್ 16ಕ್ಕೆ ಒಂದು ಸಮಿತಿ ಸೇರುತ್ತದೆ. ಇದು ನಮ್ಮ ನಾಡಿನ ಬಡಗಿಗಳು ತಮ್ಮ ಪದ್ಧತಿಯಲ್ಲೇ ಕಟ್ಟಿದ ಹಡಗೆಂದು ತೋರಿಸಿಕೊಟ್ಟರೆ ಕೆಲಸಕ್ಕೆ ಒಂದು ವರ್ಷ ತಡೆ ಸಿಗುತ್ತದೆ. ಅಷ್ಟರಲ್ಲಿ ಒಂದೊಂದು ಹಲಗೆಯನ್ನೂ ಅಳೆದು ಬರೆದುಕೊಳ್ಳಬಹುದು. ಇಲ್ಲದಿದ್ದರೆ ಪುಡಿಯಾಗುತ್ತದೆ.

ತೋರಿಸಲು ನನ್ನ ಹತ್ತಿರ ಇರುವುದು ಆ ಒಂದು ತುಂಡು ಮಾತ್ರ. ಉಳಿದ ಪಕ್ಕೆಲುಬುಗಳ ಮೇಲೆ ಮತ್ತೆ ಮರಳು ಕೂತಿದೆ, ತೆಗೆಯಲು ಅನುಮತಿ ಇಲ್ಲ. ಫೋಟೋ ಇವೆ, ಆದರೆ ಅದರಲ್ಲಿ ಗೀರು ಬರೀ ಗೀರಾಗಿ ಕಾಣುತ್ತದೆ, ಉಳಿ ಇಳಿದ ಆಳ ಕಾಣುವುದಿಲ್ಲ. ಸಮಿತಿಯ ತಜ್ಞರು ಕೈಯಲ್ಲಿ ಹಿಡಿದೇ ನೋಡಬೇಕಂತೆ.

ನೀವು ಬರೆದದ್ದನ್ನೇ ಒಂದು ಹೇಳಿಕೆಯಾಗಿ, ಹೆಸರು, ಊರು, ಕಸುಬು ಸಮೇತ ಬರೆದು ಸಹಿ ಹಾಕಿ ಕಳಿಸಿ. ಮೇಲಧಿಕಾರಿಗೆ ಗೊತ್ತಿಲ್ಲ ಎಂಬುದನ್ನು ಮಾತ್ರ ಬಿಟ್ಟುಬಿಡಿ!

ಧನು


ಶನಿವಾರಸಂತೆ
8 ನವೆಂಬರ್ 2024

ಮಗಳು ಧನುಗೆ,

ಹೇಳಿಕೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಐವತ್ತೆರಡು ವರ್ಷದ ಅನುಭವ ಅಂತ ಬರೆದಿದ್ದೇನೆ. ಐವತ್ತು ಸಾಕಾದರೆ ಅಷ್ಟೇ ಇಟ್ಟುಕೋ. ಕೈ ಸ್ವಲ್ಪ ನಡುಗಿ ಅಕ್ಷರ ಸೊಟ್ಟಗಾಗಿದೆ, ಚಳಿಗೆ ಇರಬೇಕು.

ಸಮಿತಿಯವರಿಗೆ ಈ ಹೇಳಿಕೆಯೇ ಸಾಲದೋ? ತಿಳಿದವನು ನೋಡಿ ಬರೆದಿದ್ದಾನೆ ಅಂದ ಮೇಲೆ ವಸ್ತುವನ್ನೂ ಹಿಡಿದು ನೋಡಬೇಕು ಅನ್ನೋದು ಯಾವ ನ್ಯಾಯ? ನಮ್ಮ ಕಾಲದಲ್ಲಿ ಆಚಾರಿ ಆಯಿತು ಅಂದರೆ ಆಯಿತು.

ಇನ್ನೊಂದು, ಸುಮ್ಮನೆ ಕೇಳುತ್ತಿದ್ದೇನೆ. ಇಂಥ ಮರ ಅಕಸ್ಮಾತ್ ಒಣಗಿದರೆ ಏನಾಗುತ್ತದೆ? ಮತ್ತೆ ನೀರಿಗೆ ಹಾಕಿದರೆ ಮೊದಲಿನ ಹಾಗೆ ಆಗುತ್ತದೋ? ನಿಮ್ಮ ಓದಿನಲ್ಲಿ ಅದಕ್ಕೆ ಏನಾದರೂ ಎಣ್ಣೆ, ಮದ್ದು, ಅಂಟು ಇದೆಯೋ? ಇದ್ದರೆ ಹೆಸರು ಬರೆ, ನನಗೂ ತಿಳಿದಿರಲಿ.

ತುಂಡು ಚೆನ್ನಾಗಿದೆ. ಗಂಗೆ ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದಳು.

ಸಣ್ಣಸ್ವಾಮಿ


ತೆಂಕುಬೈಲು ಅಳಿವೆ
15 ನವೆಂಬರ್ 2024

ಮಾವ,

ಹೇಳಿಕೆ ತಲುಪಿತು. ಐವತ್ತೆರಡೇ ಇರಲಿ, ಒಂದು ವರ್ಷವನ್ನೂ ಬಿಟ್ಟುಕೊಡುವುದಿಲ್ಲ.

ಈ ವಯಸ್ಸಿನಲ್ಲೂ ಹೊಸದನ್ನು ಕೇಳಿ ತಿಳಿದುಕೊಳ್ಳುವ ನಿಮ್ಮ ಆಸೆ ಕಂಡು ಖುಷಿಯಾಯಿತು. ನನ್ನ ಜೊತೆ ಕೆಲಸ ಮಾಡುವ ಅರ್ಧ ಜನಕ್ಕೆ ಅದಿಲ್ಲ. ವಿಷಯ ಹೀಗಿದೆ. ಅಷ್ಟು ವರ್ಷ ಸಮುದ್ರದಲ್ಲಿದ್ದ ಮರದೊಳಗಿನ ಸತ್ವವೆಲ್ಲ ಕರಗಿ ಹೋಗಿರುತ್ತದೆ. ಅದಕ್ಕೆ ಆಕಾರ ಕೊಟ್ಟು ನಿಲ್ಲಿಸಿರುವುದು ಒಳಗೆ ತುಂಬಿಕೊಂಡ ನೀರು ಮಾತ್ರ. ನೀರು ಹೋದರೆ ಒಳಗಿನ ಗೋಡೆಗಳೆಲ್ಲ ಕುಸಿಯುತ್ತವೆ. ಅರ್ಧಕ್ಕರ್ಧ ಕುಗ್ಗಿ, ತಿರುಚಿ, ಸೀಳಿ, ಪದರ ಪದರವಾಗಿ ಉದುರುತ್ತದೆ. ಮತ್ತೆ ನೆನೆಸಿದರೂ ಅಷ್ಟೇ, ಯಾವ ಎಣ್ಣೆಯೂ ಇಲ್ಲ. ಒಣಗಿಸಲೇಬೇಕಾದರೆ ತಿಂಗಳುಗಟ್ಟಲೆ ಒಂದು ಬಗೆಯ ಮೇಣದ ದ್ರವದಲ್ಲಿಟ್ಟು, ನೀರಿನ ಜಾಗಕ್ಕೆ ಅದು ಹೋಗಿ ಕೂತ ಮೇಲೆ ಒಣಗಿಸುತ್ತಾರೆ. ನಮ್ಮಲ್ಲಿ ಆ ತೊಟ್ಟಿ ಇಲ್ಲ.

ನಿಮ್ಮ ಅಕ್ಷರ ನೋಡಿ ಭಯವಾಯಿತು. ಚಳಿಗೆ ಅಕ್ಷರ ಹೀಗಾಗುವುದಿಲ್ಲ. ಕುಶಾಲನಗರಕ್ಕೆ ಹೋಗಿ ಒಮ್ಮೆ ಡಾಕ್ಟರಿಗೆ ತೋರಿಸಿ, ಅಪ್ಪ ಜೊತೆಗೆ ಬರುತ್ತಾರೆ.

ಒಂದು ವಿಷಯ ನಿಮಗೆ ಮೊದಲೇ ಹೇಳಬೇಕಿತ್ತು. ಆ ತುಂಡನ್ನು ಇಲ್ಲಿನ ದಾಖಲೆ ಪುಸ್ತಕದಲ್ಲಿ ನಾನು ಬರೆದಿಲ್ಲ. ಬರೆದಿದ್ದರೆ ಮೇಲಧಿಕಾರಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ನಿಮ್ಮ ಕೈಗೆ ಬರುತ್ತಲೇ ಇರಲಿಲ್ಲ. ಹೊರಗೆ ಕಳಿಸಲು ನನಗೆ ಅಧಿಕಾರವಿಲ್ಲ. ಸಭೆಗೆ ಮುಂಚೆ ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ. ಡಿಸೆಂಬರ್ ಐದರೊಳಗೆ ನನ್ನ ಕೈಯಲ್ಲಿರಬೇಕು, ಮಾವ. ಯಾರ ಕೈಯಲ್ಲಿ ಕಳಿಸುತ್ತೀರಿ, ತಿಳಿಸಿ.

ಧನು


ಶನಿವಾರಸಂತೆ
24 ನವೆಂಬರ್ 2024

ಧನುಗೆ,

ನಿನ್ನ ಕಾಗದ ಬಂತು. ಡಾಕ್ಟರು ಬೇಡ, ಕೈಗೆ ಏನೂ ಆಗಿಲ್ಲ.

ಐದನೇ ತಾರೀಖಿಗೆ ಕಳಿಸಲು ಆಗುವುದಿಲ್ಲ. ಬಸ್ಸಿನಲ್ಲಿ ಗೊತ್ತಿಲ್ಲದವರ ಕೈಗೆ ಕೊಡಲು ಮನಸ್ಸಿಲ್ಲ. ಪಾರ್ಸೆಲ್ ಮಾಡಿದರೆ ಎತ್ತಿ ಬಿಸಾಡುತ್ತಾರೆ. ಉತ್ತಯ್ಯ ಹುತ್ತರಿಗೆ ಊರಿಗೆ ಬರುತ್ತಾನಲ್ಲ, ಹಬ್ಬ ಮುಗಿಸಿ ನೇರ ನಿನ್ನ ಸಭೆಗೇ ತಂದುಕೊಡಲಿ. ಅಷ್ಟರವರೆಗೆ ಇಲ್ಲೇ ಭದ್ರವಾಗಿರುತ್ತದೆ.

ಗುರುತು ಎಷ್ಟು ಆಳವಿತ್ತು ಅಂತ ನೀನು ಬರೆದಿಟ್ಟುಕೊಂಡಿದ್ದೀಯೋ? ಫೋಟೋ ಇದ್ದರೆ ಒಂದು ದೊಡ್ಡದು ಮಾಡಿ ಕಳಿಸು. ಹೇಳಿಕೆ ಸರಿಯಿದೆಯೋ ಅಂತ ಇನ್ನೊಮ್ಮೆ ನೋಡುತ್ತೇನೆ.

ದಾಖಲೆಯಲ್ಲಿ ಬರೆದಿಲ್ಲ ಅನ್ನೋದನ್ನ ನೀನು ನನಗೆ ಮೊದಲೇ ಹೇಳಬೇಕಿತ್ತು. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಗೊತ್ತಿದ್ದರೆ ನಾನು ಅದನ್ನು ಅವತ್ತೇ ಉತ್ತಯ್ಯನ ಕೈಯಲ್ಲಿ ವಾಪಸು ಕಳಿಸಿಬಿಡುತ್ತಿದ್ದೆ.

ಸಣ್ಣಸ್ವಾಮಿ


ಶನಿವಾರಸಂತೆ
14 ಡಿಸೆಂಬರ್ 2024
(ಡಬ್ಬಿಯ ಜೊತೆ)

ಧನು,

ಕಳಿಸಿದ್ದೇನೆ. ನೀರಿನಲ್ಲೇ ಇದೆ. ಹೆಚ್ಚು ಹೊತ್ತು ಹೊರಗಿಡಬೇಡ, ಹೆಚ್ಚು ಜನ ಮುಟ್ಟುವುದೂ ಬೇಡ. ಗುರುತು ಇರುವ ಕಡೆ ಮೇಲೆ ಮಾಡಿ ತೋರಿಸು, ತಕ್ಷಣ ಮುಚ್ಚಿಬಿಡು. ನಿನ್ನ ಕೆಲಸ ಆಗಲಿ ಅಂತ ಗಂಗೆ ಗಣಪತಿಗೆ ಹರಕೆ ಹೊತ್ತಿದ್ದಾಳೆ. ನಾನು ದೇವರನ್ನು ಕೇಳುವ ಸ್ಥಿತಿಯಲ್ಲಿಲ್ಲ.

ಸಣ್ಣಸ್ವಾಮಿ


ತೆಂಕುಬೈಲು ಅಳಿವೆ
17 ಡಿಸೆಂಬರ್ 2024

ಸಣ್ಣಸ್ವಾಮಿ ಮಾವನಿಗೆ,

ನಿನ್ನೆ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಉತ್ತಯ್ಯ ಬಂದಾಗ ಸಭೆ ಶುರುವಾಗಿತ್ತು. ಡಬ್ಬಿಯನ್ನು ನೇರವಾಗಿ ಮೇಜಿನ ಮೇಲಿಟ್ಟ. ಮೇಜಿನ ಸುತ್ತ ಐದು ಜನ, ಅವರಲ್ಲಿ ಒಬ್ಬರು ನಿವೃತ್ತ ಪ್ರೊಫೆಸರ್, ಅವರೇ ತಜ್ಞರು. ನಾನು ಅವರ ಮುಂದೆಯೇ ಮುಚ್ಚಳ ತೆಗೆದೆ. ಕಣ್ಣಿಗೆ ಎಲ್ಲ ಸರಿಯಾಗಿತ್ತು. ಕಪ್ಪು ಬಣ್ಣ, ಹುಳ ಕೊರೆದ ತೂತುಗಳು, ಉದ್ದ ಗೀರು, ಎರಡು ಗಿಡ್ಡ ಗೀರು, ಚುಕ್ಕೆ. ಎತ್ತಿದ ತಕ್ಷಣ ಗೊತ್ತಾಯಿತು, ತೂಕವೇ ಬೇರೆ. ನಾನು ಕಳಿಸಿದ ಮರ ಉಗುರು ತಾಗಿದರೆ ಒಳಗೆ ಹೋಗುತ್ತಿತ್ತು. ಇದು ಗಟ್ಟಿ ತೇಗ, ಅದರ ಮೇಲಿನ ಗೀರು ಹೊಚ್ಚ ಹೊಸದು.

ಹಳೆಯ ಮರ ಕೆಟ್ಟೀತೆಂದು ಪ್ರೊಫೆಸರ್ ಮುಟ್ಟಲಿಲ್ಲ, ನನ್ನ ಕೈಯಲ್ಲಿದ್ದಂತೆಯೇ ಬಗ್ಗಿ ನೋಡಿದರು. "ಇದು ಸ್ಪಷ್ಟವಾಗಿ ಉಳಿಯ ಕೆಲಸ. ಆ ಆಚಾರಿಯವರ ಹೇಳಿಕೆ ಸರಿಯಾಗಿದೆ. ಒಂದು ವರ್ಷದ ತಡೆ ಕೊಡಬಹುದು ಅಂತ ನನ್ನ ಅಭಿಪ್ರಾಯ" ಎಂದು ಪೆನ್ನು ತೆಗೆದರು. ಮಾವ, ಅವರು ಬರೆಯಲು ಶುರುಮಾಡಿದರು. ನಾನು ಸುಮ್ಮನೆ ಮುಚ್ಚಳ ಮುಚ್ಚಿದ್ದರೆ ಸಾಕಿತ್ತು.

ಸುಮ್ಮನಿರಲು ನನಗೆ ಆಗಲಿಲ್ಲ. ಇವತ್ತು ಕಣ್ಣಲ್ಲಿ ನೋಡಿದವರು ನಾಳೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಅವತ್ತು ಹಡಗಿನ ಜೊತೆ ಎಲ್ಲವೂ ಸುಳ್ಳಾಗುತ್ತದೆ ಎಂದು ನನ್ನನ್ನೇ ನಂಬಿಸಿಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಯೋಚಿಸುವಷ್ಟು ಹೊತ್ತೂ ಇರಲಿಲ್ಲ. "ಸರ್, ಇದು ಅದಲ್ಲ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಆಮೇಲೆ ಒಂದೊಂದೇ ಕೇಳಿದರು. ಮೂಲ ಎಲ್ಲಿ? ಯಾರಿಗೆ ಕೊಟ್ಟೆ? ದಾಖಲೆಯಲ್ಲಿ ಏಕಿಲ್ಲ? ಇಷ್ಟು ಚೆನ್ನಾಗಿ ನಕಲು ಮಾಡಬಲ್ಲವರು ಮೊದಲನೆಯದನ್ನೂ ಏಕೆ ಮಾಡಿರಬಾರದು ಎಂದರು ಮೇಲಧಿಕಾರಿ. ಫೋಟೋ, ನಿಮ್ಮ ಹೇಳಿಕೆ ಎಲ್ಲವನ್ನೂ ಪಕ್ಕಕ್ಕೆ ಸರಿಸಿದರು. ಪ್ರೊಫೆಸರ್ ಬರೆದಷ್ಟನ್ನು ಹೊಡೆದು ಹಾಕಿ, ಕನ್ನಡಕ ತೆಗೆದು ಒರೆಸುತ್ತಾ ಕೂತರು. ತಡೆ ಇಲ್ಲ. ಇವತ್ತಿನಿಂದ ನನಗೆ ಕೆಲಸವೂ ಇಲ್ಲ.

ನನಗೆ ಒಂದೇ ಉತ್ತರ ಬೇಕು. ನಾನು ಕಳಿಸಿದ್ದು ಎಲ್ಲಿದೆ?

ಧನುಶ್ರೀ


ಶನಿವಾರಸಂತೆ
23 ಡಿಸೆಂಬರ್ 2024

ಧನು,

ಮಗಳೇ ಅಂತ ಬರೆಯಲು ಕೈ ಬರಲಿಲ್ಲ.

ಅದು ಒಂದು ಬೆಲ್ಲದ ಡಬ್ಬಿಯಲ್ಲಿದೆ. ಏಳೆಂಟು ಸುಕ್ಕು ಚಕ್ಕೆ, ಒಂದು ಹಿಡಿ ಪುಡಿ. ಗುರುತು ಯಾವ ಚಕ್ಕೆಯ ಮೇಲೂ ಇಲ್ಲ.

ಮೂರನೇ ದಿನಕ್ಕೆ ನೀರು ನಾರಿತು, ದಿನಾ ಬದಲಾಯಿಸಿದರೂ ನಾರಿತು. ಅಂಚು ಮುಟ್ಟಿದರೆ ಬೆಂದ ಸುವರ್ಣಗೆಡ್ಡೆಯ ಹಾಗೆ ಕೈಗೇ ಬಂತು. ನನ್ನ ಕಣ್ಣೆದುರೇ ಮರ ಕೊಳೆಯುತ್ತಿದೆ ಅಂದುಕೊಂಡೆ. ನೀನು ಬರೆದಿದ್ದೆ, ನಾಲ್ಕು ಸಲ ಓದಿದ್ದೆ. ಆದರೆ ಈ ಹುಡುಗಿ ಪುಸ್ತಕ ನೋಡಿ ಬರೆದಿದ್ದಾಳೆ, ಮರ ಉಳಿಸೋದು ಅಂದರೆ ಏನು ಅಂತ ಇವಳಿಗೇನು ಗೊತ್ತು ಅನ್ನಿಸಿತು. ಹಸಿ ಮರ ಒಡೆಯದ ಹಾಗೆ ಉಳಿಸಿಕೊಳ್ಳಲು ನಮಗೆ ಗೊತ್ತಿರುವುದು ಒಂದೇ ದಾರಿ. ಹುಲ್ಲು ಸುತ್ತಿ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುವುದು. ಕಣ್ಣಿಗೆ ಕಾಣದ ಹಾಗೆ ನಿಧಾನ ಒಣಗುತ್ತದೆ. ನಿಮ್ಮ ಮನೆಯ ಬಾಗಿಲ ಮರವನ್ನೂ ಹಾಗೇ ಇಟ್ಟಿದ್ದೆ, ಇವತ್ತಿನವರೆಗೆ ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ. "ಆ ಮಗು ಒಣಗಿಸ್ಬೇಡಿ ಅಂತ ಅಷ್ಟು ಬರ್ದದೆ ಕಣ್ರೀ, ನಿಮ್ಮ ಕೈ ಸುಮ್ನಿರದಿಲ್ವಾ?" ಅಂತ ಗಂಗೆ ಬೈದದ್ದು ಅವಳ ಬಾಯಿ ನೋಡಿಯೇ ತಿಳಿಯಿತು. ಮುಖ ಆ ಕಡೆ ತಿರುಗಿಸಿಕೊಂಡೆ. ಕಿವುಡನಿಗೆ ಅದೊಂದು ಅನುಕೂಲ.

ಹತ್ತು ದಿನ ಬಿಟ್ಟು ಹುಲ್ಲು ಬಿಚ್ಚಿದೆ. ಒಣಗಿದ ಶುಂಠಿಯ ಹಾಗೆ ಮುರುಟಿಕೊಂಡಿತ್ತು. ಗುರುತಿದ್ದ ಪದರ ನನ್ನ ಹೆಬ್ಬೆರಳಿಗೆ ಎದ್ದು ಬಂತು. ನೀರಿಗೆ ಹಾಕಿದೆ, ಅಗಸೆ ಎಣ್ಣೆಗೆ ಹಾಕಿದೆ, ಅಂಟು ಹಾಕಿದೆ. ಆಮೇಲೆ ನಿನಗೆ ಕಾಗದ ಬರೆದೆ, ಚೆನ್ನಾಗಿದೆ ಅಂತ.

ಹೊಸದನ್ನು ಮಾಡುವಾಗ ಮೋಸ ಅನ್ನಿಸಲಿಲ್ಲ ಅಂದರೆ ನೀನು ನಂಬುತ್ತೀಯೋ ಇಲ್ಲವೋ. ಗುಡಿಯ ಕಂಬ ಕೊಳೆತರೆ ನಾವು ಏನು ಮಾಡುತ್ತೇವೆ? ಅದೇ ಅಳತೆಯ ಮರ ತಂದು, ಅದೇ ಗುರುತು ಕೊರೆದು, ಅದೇ ಜಾಗಕ್ಕೆ ನಿಲ್ಲಿಸುತ್ತೇವೆ. ಊರವರು ಅದನ್ನು ನಕಲು ಅನ್ನುತ್ತಾರೋ? ಅದೇ ಕಂಬ ಅಂತಲೇ ಕೈಮುಗಿಯುತ್ತಾರೆ. ಜೀವಮಾನವೆಲ್ಲ ಮಾಡಿದ್ದು ಅದನ್ನೇ. ಎಸ್ಟೇಟಿನ ಹಳೇ ಬಂಗಲೆ ಕೆಡವಿದಾಗ ತಂದಿಟ್ಟ ತೇಗವಿತ್ತು, ಅದೂ ಇಂಗ್ಲಿಷರ ಕಾಲದ್ದೇ. ತುಕ್ಕಿನ ನೀರಲ್ಲಿ ನೆನೆಸಿದೆ, ಕಾದ ಕಡ್ಡಿಯಲ್ಲಿ ತೂತು ಮಾಡಿದೆ. ಗುರುತು ನಿಜ, ಅದನ್ನು ಹೊತ್ತ ಮರ ಮಾತ್ರ ಬೇರೆ ಅಂದುಕೊಂಡೆ.

ಎತ್ತಿದ ತಕ್ಷಣ ನಿನಗೆ ತಿಳಿಯಿತು ಅಂತ ಬರೆದಿದ್ದೀಯೆ. ನನಗೆ ಅದು ಹೊಳೆಯಲೇ ಇಲ್ಲ. ತೂಕ ನೋಡದೆ ಮರ ಕಳಿಸಿದ ಆಚಾರಿ ನಾನು.

ನಾನೇ ಬಂದು ಹೇಳುತ್ತೇನೆ, ಎಲ್ಲಿಗೆ ಬರಬೇಕು ಬರೆ. ಅವರು ಕೇಳಿದ್ದು ನನಗೆ ಕೇಳಿಸದಿದ್ದರೆ ಗಂಗೆ ಬರೆದು ತೋರಿಸುತ್ತಾಳೆ.

ಸಣ್ಣಸ್ವಾಮಿ


ಶನಿವಾರಸಂತೆ
8 ಜನವರಿ 2025

ಧನು,

ಉತ್ತರ ಬಂದಿಲ್ಲ. ಯಂತ್ರ ಬರುವ ಎರಡನೇ ತಾರೀಖೂ ಕಳೆಯಿತು.

ಮೊನ್ನೆ ಕೂಡಿಗೆಗೆ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮಪ್ಪ ಕಾಫಿ ಕೊಟ್ಟ. ಎದುರು ಕೂತು ಬಹಳ ಹೊತ್ತು ಮಾತಾಡಿದ, ನನಗೆ ಒಂದಕ್ಷರ ಕೇಳಿಸಲಿಲ್ಲ. ಜೇಬಿನಿಂದ ಚೀಟಿ ಪೆನ್ಸಿಲ್ ತೆಗೆದು ಮುಂದಿಟ್ಟೆ, ಬರೆದು ಕೊಡು ಕೃಷ್ಣಪ್ಪ ಎಂದೆ. ಅವನು ಚೀಟಿ ನೋಡಿದ, ನನ್ನ ಕಡೆ ನೋಡಿದ, ಎದ್ದು ಒಳಗೆ ಹೋದ. ನಾನು ಲೋಟ ತೊಳೆದಿಟ್ಟು ಬಂದೆ.

ಬೈದಾದರೂ ಬರೆ.

ಸಣ್ಣಸ್ವಾಮಿ


ತೆಂಕುಬೈಲು
21 ಜನವರಿ 2025

ಮಾವ,

ನೀವು ಬರುವುದು ಬೇಡ. ಬಂದು ಹೇಳಲು ಈಗ ಯಾರೂ ಇಲ್ಲ, ಕಡತ ಮುಚ್ಚಿದ್ದಾರೆ. ಬೈದಾದರೂ ಬರೆ ಎಂದಿದ್ದೀರಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ರಾತ್ರಿಯಾದರೆ ನನ್ನ ಮೇಲೆ ಬರುತ್ತದೆ, ಬೆಳಗಾದರೆ ಮತ್ತೆ ನಿಮ್ಮ ಮೇಲೆ. ಬೆಂಕಿಪೊಟ್ಟಣದ ಲೆಕ್ಕವನ್ನೂ ಬರೆಯುವ ಪುಸ್ತಕದಲ್ಲಿ ನಾನು ಅದನ್ನೊಂದು ಬರೆಯಲಿಲ್ಲ. ನೀವು ಒಂದು ಸಾಲು, ಒಣಗಿಹೋಯಿತು ಎಂದು, ನವೆಂಬರಿನಲ್ಲೇ ಬರೆದಿದ್ದರೆ ನನ್ನ ಹತ್ತಿರ ಫೋಟೋ ಇತ್ತು, ನಿಮ್ಮ ಮಾತು ಇತ್ತು. ಆ ಪ್ರೊಫೆಸರ್ ಒಳ್ಳೆಯವರು, ಬಹುಶಃ ನಂಬುತ್ತಿದ್ದರು.

ಕ್ಯಾಂಪಿನಲ್ಲಿ ಇರುವ ಹಾಗಿಲ್ಲ. ಇಲ್ಲಿ ಮೀನುಗಾರರ ಮನೆಯೊಂದರಲ್ಲಿ ಕೋಣೆ ಹಿಡಿದಿದ್ದೇನೆ. ಇದ್ದು ಏನು ಮಾಡುತ್ತೀಯ ಎಂದು ಅಪ್ಪ ದಿನಾ ಫೋನು ಮಾಡುತ್ತಾರೆ. ಏನೂ ಮಾಡುವುದಿಲ್ಲ, ನೋಡುತ್ತೇನೆ. ಯಂತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಹೂಳು ಎತ್ತಿ ದಡಕ್ಕೆ ಸುರಿಯುತ್ತದೆ. ಕಳೆದ ವಾರದಿಂದ ಕೆಸರಿನ ಜೊತೆ ಮರ ಬರುತ್ತಿದೆ, ಮೊದಲು ಹಲಗೆಯ ಚೂರು, ಆಮೇಲೆ ಪಕ್ಕೆಲುಬುಗಳು. ಕೇರಿಯ ಹೆಂಗಸರು ಬುಟ್ಟಿ ತಂದು ಆಯ್ದುಕೊಂಡು ಹೋಗುತ್ತಾರೆ. ಮರಳಿನ ಮೇಲೆ ಉದ್ದಕ್ಕೆ ಬಿಸಿಲಿಗೆ ಹರಡಿದ್ದಾರೆ.

ನಿನ್ನೆ ಒಬ್ಬಾಕೆ ಒಂದು ತುಂಡನ್ನು ನನ್ನ ಹತ್ತಿರ ತಂದಳು. ನೀರು ಸೋರುತ್ತಿತ್ತು. ಉದ್ದ ಗೀರು, ಎರಡು ಗಿಡ್ಡ ಗೀರು, ಪಕ್ಕದಲ್ಲಿ ನಾಲ್ಕು ಚುಕ್ಕೆ. ನಾಲ್ಕನೆಯ ಜೋಡಿ, ಮಾವ. ನೀವು ಹೇಳಿದ್ದು ಅಕ್ಷರ ಅಕ್ಷರ ನಿಜ. ಫೋಟೋ ತೆಗೆದೆ, ಆಫೀಸಿಗೆ ಫೋನು ಮಾಡಿದೆ. ಮೇಲಧಿಕಾರಿ ಪೂರ್ತಿ ಕೇಳಿಸಿಕೊಂಡರು. "ಇನ್ನೊಂದು ಸಿಕ್ಕಿತಾ? ಈ ಸಲ ಯಾರ ಹತ್ತಿರ ಮಾಡಿಸಿದಿರಿ?" ಎಂದರು.

ಆಕೆ ಇನ್ನೂ ಅಲ್ಲೇ ನಿಂತಿದ್ದಳು. ತುಂಡನ್ನು ಅವಳ ಬುಟ್ಟಿಗೇ ಹಾಕಿದೆ.

"ಅಮ್ಮಾ, ನೀವು ಓದಿದವರು. ಇದು ಒಲೆಗೆ ಆಗ್ತದಾ?" ಎಂದು ಕೇಳಿದಳು.

ಚೆನ್ನಾಗಿ ಒಣಗಿಸಿದರೆ ಆಗ್ತದೆ ಎಂದೆ.

ಧನು